ಕೊಸರಿನ ಅಧ್ಯಾಯ

ನನ್ನ ಅಪ್ಪ ಒಬ್ಬ ಮನುಷ್ಯನ ಎದುರು ಕುಳಿತು ಒಂದು ತಾಸು ಬಿಡದೆ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದಾಗ ನನಗೆ ಇಪ್ಪತ್ತು ವರ್ಷ. ಆ ಮನುಷ್ಯ ನಾನಾಗಿರಲಿಲ್ಲ. ನನ್ನ ಜೊತೆ ಹುಬ್ಬಳ್ಳಿಯಲ್ಲಿ ಓದುತ್ತಿದ್ದ, ನನ್ನದೇ ರೂಮಿನಲ್ಲಿದ್ದು ನನ್ನದೇ ಬಾಟಲಿಯ ಕೊಬ್ಬರಿ ಎಣ್ಣೆ ತಲೆಗೆ ಹಚ್ಚಿಕೊಳ್ಳುತ್ತಿದ್ದ ಮಾಸೂರಿನ ಗೆಳೆಯ. ಅವನನ್ನು ನಮ್ಮ ಮನೆಗೆ ಕರೆತಂದವನೂ ನಾನೇ. ಹೊಟ್ಟೆಕಿಚ್ಚು ಪಡುವವನಿಗೆ ಬೇರೆಯವರನ್ನು ದೂರಲು ಚೂರಾದರೂ ಜಾಗ ಇರಬೇಕು. ನನಗೆ ಅದೂ ಇರಲಿಲ್ಲ.

ನಮ್ಮದು ಸವಣೂರಿನಲ್ಲಿ ಖಾರದ ಅಂಗಡಿ. ಕಡಲೆಹಿಟ್ಟಿನಿಂದ ಕರಿದು ಮಾಡುವ ಖಾರಾ ತಿನ್ನಲು ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು. ಬೆಳಿಗ್ಗೆ ಎಣ್ಣೆ ಕಾಯುವ ಹೊತ್ತಿಗೆ ಅಪ್ಪ ತಲೆಗೆ ವಸ್ತ್ರ ಸುತ್ತಿ ಕಡಾಯಿಯ ಮುಂದೆ ನಿಂತರೆ, ಮಧ್ಯಾಹ್ನದ ಊಟದವರೆಗೆ ಅವನ ಬಾಯಿಂದ ಬರುತ್ತಿದ್ದದ್ದು ಮೂರು ಮಾತು: ಹೂಂ, ಆತು, ನೋಡೂಣು. ನನಗೆ ಮಾತು ಕಲಿಸಿದವರು ಬೇರೆ. ಒಬ್ಬಳು ನನ್ನ ಅಜ್ಜಿ. ಇನ್ನೊಬ್ಬ ಅಂಗಡಿಯ ಕಟ್ಟೆಯ ಮೇಲೆ ದಿನವೂ ಬಂದು ಕುಳಿತುಕೊಳ್ಳುತ್ತಿದ್ದ, ವೀಳ್ಯದ ಎಲೆತೋಟದ ಮುದುಕ. ಇವರಿಬ್ಬರ ಬಾಯಲ್ಲಿ ಬಂದ ಸುದ್ದಿ ಊರಲ್ಲಿ ನಡೆದದ್ದಕ್ಕಿಂತ ಒಂದು ಕೈ ಮೇಲೆಯೇ ಇರುತ್ತಿತ್ತು. ನಾನು ಅವರ ಶಿಷ್ಯ. ಅಪ್ಪನ ಹತ್ತಿರ ಕಲಿತದ್ದು ಸುಮ್ಮನಿರುವುದನ್ನು. ಅದನ್ನೂ ನಾನು ಸರಿಯಾಗಿ ಕಲಿಯಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಬಿ.ಬಿ.ಎ. ಸೇರಿದೆ. ನಮ್ಮ ಕಡೆ ಆಗ ಬಿ.ಎ. ಎಂದರೆ ಗೊತ್ತು, ಬಿ.ಕಾಂ. ಎಂದರೆ ಗೊತ್ತು, ಇದೊಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ರಜೆಗೆ ಬಂದಾಗ ಎಲೆತೋಟದ ಮುದುಕ ಕಟ್ಟೆಯ ಮೇಲಿಂದಲೇ ವಿಚಾರಣೆ ನಡೆಸಿದ.

“ಏನ ಕಲಸ್ತಾರಪಾ ಅಲ್ಲಿ?”

“ವ್ಯಾಪಾರ ಹೆಂಗ ನಡಸಬೇಕು ಅಂತ ರೀ.”

ಮುದುಕ ನನ್ನನ್ನು ನೋಡಿದ, ಕಡಾಯಿಯ ಮುಂದಿದ್ದ ಅಪ್ಪನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. “ಅಲ್ಲೋ ತಮ್ಮಾ, ಅದನ್ನ ಕಲಿಯಾಕ ಬಸ್ಸಿನ್ಯಾಗ ಕುಂತು ಹುಬ್ಬಳ್ಳಿತನ ಯಾಕ ಹೋದಿ? ಕಟ್ಟಿ ಮ್ಯಾಲೆ ನನ್ನ ಬಾಜೂಕ ಕುಂತಿದ್ರ ಆಗಿತ್ತು.”

ಅಪ್ಪ ಎಣ್ಣೆಯೊಳಗೆ ನೋಡುತ್ತ ನಕ್ಕ. ಅವತ್ತಿನಿಂದ ನಾನು ಮನೆಯಲ್ಲಿ ಮ್ಯಾನೇಜರ್ ಆದೆ. “ಮ್ಯಾನೇಜರ್ರ, ಹಿಟ್ಟು ಸೋಸ್ರಿ.” “ಮ್ಯಾನೇಜರ್ರ, ಡಬ್ಬಿ ಬಿಸಲಿಗೆ ಇಡ್ರಿ.” ಅದರಲ್ಲಿ ಕೊಂಕು ಎಷ್ಟು, ಪ್ರೀತಿ ಎಷ್ಟು ಎಂದು ತೂಗಿ ನೋಡುವ ತಕ್ಕಡಿ ನನ್ನ ಹತ್ತಿರ ಇರಲಿಲ್ಲ. ಮೈಗೆ ಹತ್ತಿದ ಎಣ್ಣೆಯ ವಾಸನೆ ಹೋಗಲಿ ಎಂದು ಹುಬ್ಬಳ್ಳಿಯ ಬಸ್ಸು ಹತ್ತುವ ಮುಂಚೆ ಎರಡು ಸಲ ಸಾಬೂನು ಹಚ್ಚಿ ಜಳಕ ಮಾಡುತ್ತಿದ್ದೆ.

ಗೆಳೆಯ ಹಿರೇಕೆರೂರು ತಾಲೂಕಿನ ಮಾಸೂರಿನವನು. ತಂದೆ ಇಲ್ಲ. ತಾಯಿ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ ಮಾಡಿ ಓದಿಸುತ್ತಿದ್ದಳು. ಅವನಿಗೆ ಒಂದು ಚಾಳಿ ಇತ್ತು. ಏನು ಹೇಳಿದರೂ “ಯಾಕ?” ಎನ್ನುತ್ತಿದ್ದ. ಎಲ್ಲರೂ ಹಾಗೆ ಕೇಳುತ್ತಾರೆ, ಆದರೆ ಉತ್ತರಕ್ಕೆ ಕಾಯುವುದಿಲ್ಲ. ಇವನು ಕಾಯುತ್ತಿದ್ದ. ಬಾಯಿ ಮುಚ್ಚಿಕೊಂಡು, ಕಣ್ಣು ಕೆಳಗೆ ಹಾಕಿ, ಎದುರಿನವನಿಗೆ ಹೇಳದೆ ಇರಲಾಗುವುದಿಲ್ಲ ಎನಿಸುವವರೆಗೆ ಕಾಯುತ್ತಿದ್ದ.

ಮೂರನೆಯ ವರ್ಷ ನಮಗೆ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು ಇತ್ತು. ಪ್ರತಿಯೊಬ್ಬನೂ ಒಂದು ಉದ್ದಿಮೆಯನ್ನು ಆರಿಸಿಕೊಂಡು ಅಲ್ಲಿ ಒಂದು ತಿಂಗಳು ಇದ್ದು, ಅದು ಹೇಗೆ ನಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದು, ಟೈಪ್ ಮಾಡಿಸಿ, ರಟ್ಟು ಹಾಕಿಸಿ ಕೊಡಬೇಕು. ನಾನು ಹುಬ್ಬಳ್ಳಿಯ ಒಂದು ದೊಡ್ಡ ಕಾರ್ಖಾನೆಯನ್ನು ಆರಿಸಿಕೊಂಡೆ. ಅದಕ್ಕೆ ಗೇಟು ಇತ್ತು, ಗೇಟಿಗೆ ಕಾವಲುಗಾರ ಇದ್ದ, ಹೊಗೆ ಬಿಡುವ ಚಿಮಣಿ ಇತ್ತು. ರಿಪೋರ್ಟಿನ ಮೊದಲ ಪುಟದಲ್ಲಿ ಬರೆದರೆ ಗತ್ತಾಗಿ ಕಾಣುವಂಥದ್ದು. ಗೆಳೆಯ ಮಾತ್ರ ಏನೂ ಆರಿಸಿಕೊಂಡಿರಲಿಲ್ಲ.

“ನಮ್ಮೂರಾಗ ಉದ್ದಿಮಿ ಅಂದ್ರ ಕೆರಿ ಒಂದ ನೋಡು,” ಎಂದ. “ಅದಕ್ಕ ಮ್ಯಾನೇಜರ್ ಇಲ್ಲ.”

“ನಮ್ಮ ಖಾರದ ಅಂಗಡಿ ತಗೋ,” ಎಂದೆ. “ಊಟ, ವಸ್ತಿ ಎಲ್ಲಾ ನಮ್ಮ ಮನ್ಯಾಗ.”

“ನೀನ ಯಾಕ ತಗೋವಲ್ಲಿ?”

“ಅದ್ರಾಗ ಬರಿಯೂದು ಏನೈತಿ ಮಾರಾಯಾ.”

ಅವನು ಎಂದಿನಂತೆ ಕಾದ. ಬಡ ಗೆಳೆಯನಿಗೆ ಉಪಕಾರ ಮಾಡಿದೆ ಎಂದು ಅವತ್ತು ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಗಿತ್ತು.

ಕಾರ್ಖಾನೆಯವರು ನನಗೆ ಒಂದು ಕುರ್ಚಿ ಕೊಟ್ಟರು, ದಿನಕ್ಕೆ ಎರಡು ಸಲ ಚಹಾ ಕೊಟ್ಟರು, ಅಚ್ಚು ಹಾಕಿಸಿದ ಒಂದು ಪುಸ್ತಿಕೆ ಕೊಟ್ಟರು. ಒಳಗೆ ಬಿಡಲಿಲ್ಲ. ನಾನು ಕುರ್ಚಿಯ ಮೇಲೆ ಕುಳಿತು ಪುಸ್ತಿಕೆಯನ್ನು ನಕಲು ಮಾಡಿದೆ. ಎರಡನೆಯ ವಾರ ಬೇಸರವಾಗಿ ಶನಿವಾರದ ಬಸ್ಸಿಗೆ ಸವಣೂರಿಗೆ ಬಂದೆ. ಅಂಗಡಿಯ ಹತ್ತಿರ ಬಂದಾಗ ಒಂದು ಗಂಡಸಿನ ದನಿ ಕೇಳಿತು. ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ನಗುತ್ತಿತ್ತು. ಯಾರೋ ಬೀಗರು ಬಂದಿರಬೇಕು ಎಂದುಕೊಂಡು ಒಳಗೆ ಹೋದೆ. ಅಪ್ಪ. ಖಾರದ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಬಿಟ್ಟುಕೊಂಡು ಮಾತಾಡುತ್ತಿದ್ದ. ಎದುರಿಗೆ ಗೋಣಿಚೀಲದ ಮೇಲೆ ಗೆಳೆಯ, ತೊಡೆಯ ಮೇಲೆ ನೋಟುಬುಕ್ಕು, ತಲೆಗೆ ಅಪ್ಪನ ಹಾಗೆಯೇ ಸುತ್ತಿದ ವಸ್ತ್ರ.

“ಬಂದೇನಪಾ ಮ್ಯಾನೇಜರಾ,” ಎಂದ ಅಪ್ಪ. ಅಷ್ಟೇ. ರೇಡಿಯೊದ ಕಿವಿ ಹಿಂಡಿದ ಹಾಗೆ ಮಾತು ನಿಂತಿತು.

ನನ್ನ ಎದೆಯೊಳಗೆ ಏನಾಯಿತು ಎಂಬುದನ್ನು ಇಷ್ಟು ವರ್ಷದ ಮೇಲೂ ಸರಿಯಾಗಿ ಹೇಳಲಾರೆ. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಮರೆತು ಕಣ್ಣಿಗೆ ಒರೆಸಿಕೊಂಡರೆ ಆಗುತ್ತದಲ್ಲ, ಅದು. ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ, ಯಾರಿಗೆ ಹೇಳಿದರೂ ತಪ್ಪು ನಿನ್ನದೇ ಅನ್ನುತ್ತಾರೆ.

ಆಮೇಲೆ ನನ್ನ ಕಣ್ಣಿಗೆ ಬೇರೆ ಏನೂ ಬೀಳದಾಯಿತು. ಊಟಕ್ಕೆ ಕುಳಿತಾಗ ನಾನು ಯಾವಾಗಲೂ ಒರಗುತ್ತಿದ್ದ ಕಂಬಕ್ಕೆ ಅವನು ಒರಗಿದ್ದು ಕಂಡಿತು. ಅವ್ವ ಅವನ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದ್ದು ಕಂಡಿತು. ನನ್ನ ಅಜ್ಜಿ, ನನಗೆ ಮಾತು ಕೊಟ್ಟ ನನ್ನ ಅಜ್ಜಿ, “ಮಾಸೂರಪ್ಪಾ, ನಿಮ್ಮವ್ವನ್ನ ಒಂದ ಸಲ ಕರಕೊಂಡ ಬಾರಪಾ” ಎಂದದ್ದು ಕೇಳಿತು. ಇಷ್ಟು ವರ್ಷ ನನ್ನ ಗೆಳೆಯರಲ್ಲಿ ಒಬ್ಬನ ತಾಯಿಯನ್ನೂ ಅವಳು ಕರೆದಿರಲಿಲ್ಲ. ಹುಬ್ಬಳ್ಳಿಗೆ ಮರಳುವ ಬಸ್ಸು ಹತ್ತುವಾಗ, “ನಿನ್ನ ಮೈಯೆಲ್ಲಾ ಎಣ್ಣಿ ನಾರಾಕತ್ತೈತಿ,” ಎಂದೆ ಅವನಿಗೆ.

ಅವನು ತೋಳು ಮೂಸಿ ನೋಡಿಕೊಂಡ. “ಛೊಲೋ ವಾಸನಿ ಐತಲ್ಲೋ,” ಎಂದ.

ಮುಂದಿನ ರವಿವಾರ ನಾನು ಯುದ್ಧಕ್ಕೇ ಸಿದ್ಧನಾಗಿ ಊರಿಗೆ ಬಂದೆ. ನನ್ನ ಗುರಿ ಕೊಸರು. ನಮ್ಮ ಕಡೆ ಯಾವ ಅಂಗಡಿಯಲ್ಲೂ ತೂಕ ಆದ ಮೇಲೆ ಮಾರುವವನು ತನ್ನ ಕೈಯಿಂದ ಒಂದಿಷ್ಟು ಹೆಚ್ಚಿಗೆ ಹಾಕುವುದುಂಟು, ಅದೇ ಕೊಸರು. ಹಾಕದಿದ್ದರೆ ಗಿರಾಕಿ ಪುಡಿಕೆ ಎತ್ತುವುದಿಲ್ಲ, ಕೈ ಚಾಚಿಕೊಂಡು ನಿಲ್ಲುತ್ತಾನೆ. ನಾನು ಒಂದು ಹಾಳೆಯ ಮೇಲೆ ಕಡಾಯಿ, ಡಬ್ಬಿ, ತಕ್ಕಡಿ, ಗಿರಾಕಿ ಎಂದು ಚೌಕಗಳನ್ನು ಬರೆದು, ಬಾಣಗಳನ್ನು ಹಾಕಿ, ಅಪ್ಪನ ಮುಂದೆ ಹಿಡಿದೆ. ಗೆಳೆಯನೂ ಅಲ್ಲೇ ಇದ್ದ. ಅವನು ಅಲ್ಲಿರಲೆಂದೇ ಆ ಹೊತ್ತು ನೋಡಿದ್ದೆ.

“ಅಪ್ಪಾ, ಕೊಸರು ನಿಲ್ಲಸಬೇಕು. ತೂಕ ಮಾಡಿದ ಮ್ಯಾಲೆ ಹಿಡಿ ಹಿಡಿ ಹಾಕಿದ್ರ ಅದು ಸೋರಿಕಿ. ನಮ್ಮ ಪುಸ್ತಕದಾಗ ಇದಕ್ಕೊಂದು ಪಾಠನ ಐತಿ.”

ಅಪ್ಪ ಬಾಣಗಳನ್ನು ನೋಡಿದ. “ಚಿತ್ರ ಛೊಲೋ ತಗದಿ,” ಎಂದ. ಆಮೇಲೆ ಗೆಳೆಯನ ಕಡೆ ತಿರುಗಿದ. “ನೀ ಏನಂತೀ ಮಾಸೂರಾ?”

“ನನಗ ಇನ್ನೂ ತಿಳಿದಿಲ್ರಿ,” ಎಂದ ಅವನು. “ನಿನ್ನಿ ಆ ಸಾಲಿ ಮಾಸ್ತರಗ ಹಿಡಿ ತುಂಬ ಹಾಕಿದ್ರಿ. ಅವರ ಹಿಂದ ಬಂದ ಅಜ್ಜಗ ಏನೂ ಹಾಕಲಿಲ್ಲ. ಅವನೂ ಕೇಳಲಿಲ್ಲ. ಅದು ಯಾಕ ರೀ?”

ಕೇಳಿ, ಕಾದ.

ಅಪ್ಪ ಕೈಯಲ್ಲಿದ್ದ ಜಾಲರಿ ಸೌಟನ್ನು ಕೆಳಗಿಟ್ಟ. ಅವನು ಕಾಯ್ದ ಎಣ್ಣೆಯ ಮುಂದೆ ಸೌಟು ಕೆಳಗಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. “ಒಳಗ ಬಾ, ಹೇಳ್ತೇನಿ,” ಎಂದ. “ಮ್ಯಾನೇಜರಾ, ನೀ ತಕ್ಕಡಿ ಹಿಡಿ.”

ಇಬ್ಬರೂ ಹಿಂದಿನ ಕೋಣೆಗೆ ಹೋದರು. ರವಿವಾರದ ಗಿರಾಕಿ ಸಾಲು ಹಿಡಿದು ಬಂತು. ನಾನು ತೂಗುತ್ತಿದ್ದೆ, ಕಟ್ಟುತ್ತಿದ್ದೆ, ಕಿವಿಯನ್ನು ಮಾತ್ರ ಹಿಂದಕ್ಕೆ ಬಿಟ್ಟಿದ್ದೆ. ಎರಡು ಸಲ ನಗು ಕೇಳಿತು. ಒಂದು ಸಲ ಬಹಳ ಹೊತ್ತು ಏನೂ ಕೇಳಲಿಲ್ಲ. ಒಬ್ಬ ಹೆಣ್ಣುಮಗಳು ಕೈ ಚಾಚಿದಳು. ಒಂದು ಚಿಟಿಕೆ ಕೊಸರು ಹಾಕಿದೆ. ಅವಳು ಅಂಗೈಯನ್ನೂ ನನ್ನ ಮುಖವನ್ನೂ ನೋಡಿದಳು.

“ನಿಮ್ಮಪ್ಪ ಊರಾಗಿಲ್ಲೇನು?”

“ಒಳಗದಾನ್ರಿ.”

“ಹಂಗಾರ ನಾ ಆಮ್ಯಾಲೆ ಬರ್ತೇನಿ ತಗೋ.”

ಸಂಜೆ ಗೆಳೆಯನನ್ನು ಕೇಳಿದೆ, ಅಪ್ಪ ಏನು ಹೇಳಿದ ಎಂದು. “ಬರದ ಮ್ಯಾಲೆ ಓದು,” ಎಂದ. “ಈಗ ಹೇಳಿದ್ರ ಸಪ್ಪಗ ಆಗತೈತಿ.” ಸಪ್ಪಗೆ ಆಗುತ್ತದೆ ಎಂದು ಹೇಳಲು ಇವನು ಯಾರು? ಅದು ನನ್ನ ಅಪ್ಪನ ಮಾತು. ಇಪ್ಪತ್ತು ವರ್ಷ ನಾನು ಉಣ್ಣದ ಊಟವನ್ನು ಇವನು ಉಂಡು ಕೈ ತೊಳೆದುಕೊಂಡಿದ್ದ.

ರಿಪೋರ್ಟು ಕೊಡುವ ದಿನ ಹತ್ತಿರ ಬಂತು. ಅದೇ ವಾರ ಮಾಸೂರಿನಲ್ಲಿ ಭತ್ತದ ಕೊಯ್ಲು. ತಾಯಿಗೆ ಕೈಜೋಡಿಸಲು ಅವನು ಊರಿಗೆ ಹೊರಟ. ಹೊರಡುವಾಗ ಕೈಬರಹದ ಕಟ್ಟನ್ನು ನನ್ನ ಕೈಗೆ ಕೊಟ್ಟ. ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ಬಾಜೂಕೆ ಒಬ್ಬರು ಟೈಪಿಂಗ್ ಮಾಡುತ್ತಿದ್ದರು, ಹುಬ್ಬಳ್ಳಿಗಿಂತ ಅಲ್ಲಿ ಬೇಗ ಆಗುತ್ತಿತ್ತು. ನನ್ನದೂ ಅಲ್ಲೇ ಆಗುವುದಿತ್ತು. “ಹೆಂಗೂ ನೀ ಹೊಂಟೀಯಲ್ಲ, ನಂದೂ ಕೊಟ್ಟ ಬಿಡು,” ಎಂದ. ನಾನು ಸವಣೂರಿನಲ್ಲಿ ಬಸ್ಸು ಹತ್ತಿ, ಕಿಡಕಿಯ ಹತ್ತಿರ ಕುಳಿತು, ಕಟ್ಟು ಬಿಚ್ಚಿದೆ.

ಐದನೆಯ ಅಧ್ಯಾಯದ ಹೆಸರು ಕೊಸರು. ಸುತ್ತ ಇಂಗ್ಲಿಷು, ನಡುನಡುವೆ ಅಪ್ಪನ ಮಾತು ಆಡಿದ ಹಾಗೆಯೇ ಕನ್ನಡ ಅಕ್ಷರದಲ್ಲಿ. ಮಗುವನ್ನು ಎತ್ತಿಕೊಂಡು ಬಂದವಳ ಕೊಸರು ಪುಡಿಕೆಗೆ ಹಾಕಬಾರದು, ಮಗುವಿನ ಕೈಗೇ ಹಾಕಬೇಕು, ಪುಡಿಕೆಗೆ ಹಾಕಿದರೆ ಅದು ಮನೆಯ ಗಂಡಸರ ಪಾಲಾಗುತ್ತದೆ. ಚೌಕಾಸಿ ಮಾಡುವವನಿಗೆ ಜಾಸ್ತಿ ಹಾಕಬೇಕು, ಅವನಿಗೆ ಬೇಕಾದದ್ದು ಖಾರಾ ಅಲ್ಲ, ಗೆದ್ದೆ ಎಂಬ ಸಮಾಧಾನ. ಮಾಸ್ತರನಿಗೆ ಹಿಡಿ ತುಂಬ, ಯಾಕೆಂದರೆ ಅವನು ಬಾಯಿಬಿಟ್ಟು ಕೇಳುವವನಲ್ಲ. ಸತ್ತವರ ಮನೆಗೆ ಒಯ್ಯುವವನಿಗೆ ಕೊಸರು ಇಲ್ಲ. “ಇನ್ನೊಂದೀಟು ಅಂತ ಅನಬಾರದಲ್ಲಪಾ ಅಂಥಾ ಮನೀಗೆ. ಅವನೂ ಕೇಳೂದಿಲ್ಲ, ನಾನೂ ಹಾಕೂದಿಲ್ಲ. ಅವನು ಕೈ ಚಾಚದ ನಿಂತ್ರ ನನಗ ತಿಳೀತೈತಿ, ಯಾರು ಹೋದ್ರು ಅಂತ ಕೇಳ್ತೇನಿ.”

ನಾನು ಆ ತಕ್ಕಡಿಯ ಪಕ್ಕದಲ್ಲೇ ಬೆಳೆದವನು. ಇದೆಲ್ಲವೂ ನನ್ನ ಕಣ್ಣ ಮುಂದೆ ದಿನವೂ ನಡೆದದ್ದು. ಒಂದೂ ನನಗೆ ಕಂಡಿರಲಿಲ್ಲ.

ಅಧ್ಯಾಯದ ಕೊನೆಗೆ ನಾನೇ ಇದ್ದೆ. “ನನ್ನ ಮಗ ಕಲಿಯಾಕ ಹುಬ್ಬಳ್ಳಿಗೆ ಹೊಂಟ ದಿವಸ ಒಂದು ಚೀಲ ಖಾರಾ ಕಟ್ಟಿದೆ. ಕೊಸರು ಹಾಕಿದೆ. ಮನಸ್ಸು ತುಂಬಲಿಲ್ಲ, ಮತ್ತ ಹಾಕಿದೆ. ಮೂರನೇ ಸಲ ಹಾಕಾಕ ಹೋದ್ರ, ಸಾಕ ಬಿಡಪ್ಪಾ, ಅರಿವಿಗೆ ಎಣ್ಣಿ ಹತ್ತತೈತಿ ಅಂದ. ಕೈ ಹಿಂದಕ್ಕ ತಗೊಂಡೆ. ಆ ಮುಟಗಿ ಮತ್ತ ಡಬ್ಬಿಗೆ ಹಾಕೂ ಮನಸ್ಸಾಗಲಿಲ್ಲ ನೋಡು, ನಾನ ತಿಂದೆ.”

ಇದನ್ನು ಅಪ್ಪ ನನಗೆ ಹೇಳಿರಲಿಲ್ಲ. ಮಾಸೂರಿನ ಮಗನಿಗೆ ಹೇಳಿದ್ದ. ಅವನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು, ನಮ್ಮ ಕಾಲೇಜಿನ ಮಾಸ್ತರರೆಲ್ಲ ಓದಲಿ ಎಂದು ಟೈಪಿಗೆ ಕಳಿಸಿದ್ದ. ನಾಚಿಕೆಯೋ, ಸಿಟ್ಟೋ, ಹೊಟ್ಟೆಕಿಚ್ಚೋ, ಮೂರನ್ನೂ ಬಿಡಿಸಿ ಹೇಳಲಾರೆ. ಹೆಚ್ಚಿದ್ದದ್ದು ಕೊನೆಯದು. ಶಿಗ್ಗಾಂವಿ ಬಂದದ್ದೇ ನನಗೆ ತಿಳಿಯಲಿಲ್ಲ, ಕಂಡಕ್ಟರ್ ಕೂಗಿ ಇಳಿಸಿದ.

ಟೈಪಿಂಗಿನವರು ದಪ್ಪ ಕನ್ನಡಕದ ಹಿರಿಯರು. ಹಾಳೆಗಳನ್ನು ತಿರುವಿ ಐದನೆಯ ಅಧ್ಯಾಯಕ್ಕೆ ಬಂದು ನಿಂತರು. “ಇದ್ರಾಗ ಕನ್ನಡ ಐತಿ. ನನ್ನ ಮಶೀನಿಗೆ ಕನ್ನಡ ಬರೂದಿಲ್ಲಪಾ. ಇಲ್ಲೇ ಕುಂತು ಇಂಗ್ಲಿಷ್ ಮಾಡಿ ಕೊಡು, ಇಲ್ಲಾಂದ್ರ ಜಾಗಾ ಬಿಟ್ಟ ಕೊಡ್ತೇನಿ, ಕೈಲೆ ಬರಕೊಳ್ರಿ.”

ಎರಡು ದಾರಿಯನ್ನು ಅವರೇ ತೋರಿಸಿದರು, ಎರಡೂ ಸುಲಭದವು. ನಾನು ಹೇಳಿದೆ: “ಬ್ಯಾಡ್ರಿ. ಇದೊಂದು ಬಿಟ್ಟಬಿಡ್ರಿ. ಆರನೇದಕ್ಕ ಐದು ಅಂತ ಹಾಕ್ರಿ.”

“ಬರದಾವ ನೀನ ಏನು?”

“ಹೌದ್ರಿ.”

ಆ ಹಾಳೆಗಳನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ. ರೂಮಿಗೆ ಹೋದವನೇ ನನ್ನ ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಅವನ್ನು ಇಟ್ಟೆ. ಹರಿದು ಎಸೆಯಬಹುದಿತ್ತು. ಅದು ಅಪ್ಪನ ಮಾತಲ್ಲವೇ, ಕೈ ಬರಲಿಲ್ಲ.

ಗೆಳೆಯ ಬಂದದ್ದು ರಿಪೋರ್ಟು ಒಪ್ಪಿಸುವ ಹಿಂದಿನ ದಿನ, ಅಂಗೈ ತುಂಬ ಕುಡುಗೋಲಿನ ಗಾಯ. ಟೈಪಾದದ್ದನ್ನು ತೆರೆದು ಅಧ್ಯಾಯಗಳ ಪಟ್ಟಿಯ ಮೇಲೆ ಬೆರಳು ಓಡಿಸಿದ. ನಾಲ್ಕು. ಐದು. ಬೆರಳು ಅಲ್ಲೇ ನಿಂತಿತು.

“ಕನ್ನಡ ಟೈಪ್ ಆಗೂದಿಲ್ಲ ಅಂದ್ರು,” ಎಂದೆ. “ಅದಕ್ಕ ಬಿಡಬೇಕಾತು.”

“ಹೌದನು,” ಎಂದ. ಬೆರಳು ಇನ್ನೂ ಆ ಐದರ ಮೇಲೆಯೇ ಇತ್ತು. ಟೈಪಾಗದೆ ಬಿಟ್ಟು ಹೋದ ಅಧ್ಯಾಯದ ನಂಬರನ್ನು ಮುಂದಿನದಕ್ಕೆ ಯಾರೋ ಹೇಳಿ ಹಾಕಿಸಬೇಕು, ತಾನಾಗಿ ಅದು ಬೀಳುವುದಿಲ್ಲ. ಇದು ಅವನಿಗೂ ಗೊತ್ತು, ಗೊತ್ತಾಯಿತೆಂದು ನನಗೂ ಗೊತ್ತಾಯಿತು. “ಆ ಹಾಳಿ ಎಲ್ಲಿ ಅದಾವ?” ಎಂದ.

“ಎಲ್ಲೋ ಇರಬೇಕು. ಹುಡಕ್ತೇನಿ.”

ಅವನು ಕಾದ. ಆ ಕಾಯುವಿಕೆಯ ಎದುರು ಅಪ್ಪನೇ ಸೋತಿದ್ದ. ನಾನು ಮಾತ್ರ ಸೋಲಲಿಲ್ಲ, ಎದ್ದು ಹೋಗಿ ಮುಖ ತೊಳೆದುಕೊಂಡೆ.

ಮೌಖಿಕ ಪರೀಕ್ಷೆಯಲ್ಲಿ ನಮ್ಮ ಮಾಸ್ತರರು ಅವನನ್ನು ಕೇಳಿದರಂತೆ: ಎಲ್ಲಾ ಬರೆದಿದ್ದೀಯ, ಆದರೆ ಊರಲ್ಲಿ ಇಷ್ಟು ಖಾರದ ಅಂಗಡಿ ಇರುವಾಗ ಜನ ಈ ಅಂಗಡಿಗೇ ಯಾಕೆ ಬರುತ್ತಾರೆ ಎಂಬುದು ಇದರಲ್ಲಿ ಇಲ್ಲವಲ್ಲ. “ಅದು ಉಳದೈತ್ರಿ,” ಎಂದನಂತೆ. ನನ್ನ ರಿಪೋರ್ಟಿಗೆ ಅವನಿಗಿಂತ ಹೆಚ್ಚು ಅಂಕ ಬಂದವು. ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಂದು ಪೂರ್ತಿ ದಿನ ಖುಷಿಯಾಗಿಯೇ ಇದ್ದೆ.

ಪರೀಕ್ಷೆ ಮುಗಿದು ರೂಮು ಖಾಲಿ ಮಾಡಿ ಊರಿಗೆ ಬಂದ ಮೇಲೆ ಒಂದು ದಿನ ಅಪ್ಪ ಕೇಳಿದ: “ಮಾಸೂರಾಂವ ಏನ ಬರದ? ಓದಿ ತೋರಸ್ತೇನಿ ಅಂದಿದ್ದ.” ನಾನು ನೋಡೂಣು ಎಂದೆ, ಅಪ್ಪನದೇ ಮಾತು. ಆದರೆ ಅಪ್ಪ ಬಿಡಲಿಲ್ಲ. ಅವ್ವನ ಕೈಯಿಂದ ಒಂದು ಕಾರ್ಡು ಬರೆಸಿ ಮಾಸೂರಿಗೆ ಹಾಕಿಸಿದ. ಮುಂದಿನ ವಾರ ಗೆಳೆಯ ರಟ್ಟು ಹಾಕಿಸಿದ ಪ್ರತಿ ಹಿಡಿದುಕೊಂಡು ಬಸ್ಸಿಳಿದ. ಅಪ್ಪ ಅವತ್ತು ಮಧ್ಯಾಹ್ನದ ಮೇಲೆ ಅಂಗಡಿಯ ಬಾಗಿಲು ಹಾಕಿದ್ದ. ಬಾಗಿಲು ಹಾಕಿದ್ದನ್ನು ನೋಡಿ ಓಣಿಯವರು ಯಾರಿಗೆ ಏನಾಯಿತು ಎಂದು ಕೇಳಲು ಬಂದರು. “ಏನಿಲ್ಲ, ಮಾಸೂರಪ್ಪ ನಮ್ಮ ಅಂಗಡೀದು ಪುಸ್ತಕ ಓದ್ತಾನ,” ಎಂದಳು ಅಜ್ಜಿ. ಎಲೆತೋಟದ ಮುದುಕ ಎಲ್ಲರಿಗಿಂತ ಮುಂಚೆ ಬಂದು ಮುಂದೆ ಕುಳಿತಿದ್ದ.

ನಾನು ಗೆಳೆಯನ ಪಕ್ಕಕ್ಕೇ ಕುಳಿತೆ. ದೂರ ಕುಳಿತರೆ ಅನುಮಾನ ಬರುತ್ತದೆ ಎನಿಸಿತ್ತು. ಅವನು ಒಂದೊಂದು ಪುಟದ ಇಂಗ್ಲಿಷನ್ನು ಕಣ್ಣಿನಿಂದ ಓದಿ ಬಾಯಿಂದ ಕನ್ನಡದಲ್ಲಿ ಹೇಳುತ್ತ ಹೋದ. ಅಂಗಡಿಯ ಹುಟ್ಟು, ಹಿಟ್ಟು, ಎಣ್ಣೆ, ಕೆಲಸದ ಹೊತ್ತು. ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ನಾಲ್ಕು ಅಧ್ಯಾಯ ಮುಗಿದವು. ಗೆಳೆಯ ಹಾಳೆ ತಿರುವಿದ. ಆ ಹಾಳೆಯ ತಲೆಯ ಮೇಲೆ ಏನಿತ್ತೆಂದು ನನಗೆ ಕಾಣುತ್ತಿತ್ತು. ಖಾರವನ್ನು ಸಂತೆಗಳಿಗೆ ಸಾಗಿಸುವ ವಿಷಯ. ಅವನ ಬಾಯಿ ಇಲ್ಲಿ ನಿಲ್ಲುತ್ತದೆ, ಅಪ್ಪ ಕಣ್ಣು ತೆರೆಯುತ್ತಾನೆ, ಕೊಸರಿನದು ಎಲ್ಲಿ ಎಂದು ಕೇಳುತ್ತಾನೆ.

“ಐದನೇ ಅಧ್ಯಾಯ,” ಎಂದ ಗೆಳೆಯ. “ಕೊಸರು.”

ಕಣ್ಣು ಸಂತೆಯ ಸಾಲುಗಳ ಮೇಲೆಯೇ ಇಟ್ಟುಕೊಂಡು, ಅಲ್ಲಿ ಇಲ್ಲದ ಅಧ್ಯಾಯವನ್ನು ಅವನು ಮೊದಲಿನಿಂದ ಕೊನೆಯವರೆಗೆ ಓದಿದ. ಮಗುವಿನ ಕೈ, ಚೌಕಾಸಿಯವನು, ಮಾಸ್ತರ. ನಡುವೆ ಒಂದು ಕಡೆ, ಇಲ್ಲಿ ಪುಟ ಮುಗಿಯಬೇಕಲ್ಲ ಎನ್ನುವ ಹಾಗೆ ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದ. ಸತ್ತವರ ಮನೆಯ ಮಾತು ಬಂದಾಗ ಮುದುಕ, “ಖರೇ ಐತಿ, ನಮ್ಮಾಕಿ ಹೋದಾಗ ನನ್ನ ಕೈ ನೋಡಿನ ಕೇಳಿದ ಇಂವ,” ಎಂದ. ಗೆಳೆಯ ಮುಂದುವರಿದ. ನಾನು ಹುಬ್ಬಳ್ಳಿಗೆ ಹೊರಟ ದಿನ ಬಂತು. ಅದನ್ನು ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ಬಟ್ಟೆಗೆ ಎಣ್ಣೆ ಹತ್ತುತ್ತದೆ ಎಂದ ನನ್ನ ಮಾತನ್ನೂ ಇದ್ದ ಹಾಗೆಯೇ ಹೇಳಿದ.

ಎಲ್ಲರಿಗಿಂತ ಮೊದಲು ನಕ್ಕವನು ಅಪ್ಪ. “ಅಂದಿದ್ದಿಯಲ್ಲೋ ಮ್ಯಾನೇಜರಾ,” ಎಂದ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಆ ಅಂಗೀನ್ನ ಹೆಂಗೂ ನಾನ ಒಗೀತಿದ್ನೆಲ್ಲೋ,” ಎಂದಳು. ಯಾವುದನ್ನು ಲೋಕ ಓದಬಾರದೆಂದು ನಾನು ಅಂಗಿಯೊಳಗೆ ಮುಚ್ಚಿಟ್ಟುಕೊಂಡು ಓಡಿದ್ದೆನೋ, ಅದು ನಮ್ಮ ಮನೆಯಲ್ಲಿ ನಗುವ ಮಾತಾಗಿತ್ತು.

ಓದು ಮುಗಿದ ಮೇಲೆ ಅಪ್ಪ ಗೋಡೆ ಬಿಟ್ಟು ಮುಂದೆ ಸರಿದು ಕುಳಿತ. ಆಮೇಲೆ, “ಆ ಕೊಸರಿನ ಹಾಳಿ ನನಗ ಬೇಕು,” ಎಂದ. “ನನ್ನ ಮಾತು ಯಾರಾರ ಬರಿತಾರಂತ ನಾ ಕನಸಿನ್ಯಾಗೂ ಅನಕೊಂಡಿರಲಿಲ್ಲ.”

“ಇದು ಇಂಗ್ಲಿಷಿನ್ಯಾಗ ಐತ್ರಿ,” ಎಂದ ಗೆಳೆಯ, ರಟ್ಟು ಮುಚ್ಚುತ್ತ. “ಕೈಲೆ ಬರದದ್ದರಾಗ ನಿಮ್ಮ ಮಾತು ಕನ್ನಡದಾಗನ ಅದಾವ. ಅವು ನಿಮ್ಮ ಮಗನ ಹತ್ರ ಅದಾವ್ರಿ. ಟ್ರಂಕಿನ್ಯಾಗ, ತಳದ ಪೇಪರಿನ ಕೆಳಗ.”

ನನ್ನ ಕಡೆ ಅವನು ನೋಡಲಿಲ್ಲ. ಪರೀಕ್ಷೆ ಮುಗಿಯುವವರೆಗೆ ಮೂರು ತಿಂಗಳು ಅದೇ ರೂಮಿನಲ್ಲಿ, ಆ ಟ್ರಂಕಿನಿಂದ ಮಾರು ದೂರದಲ್ಲಿ ಮಲಗಿ, ಅವನಿಗೆ ಎಲ್ಲಾ ಗೊತ್ತಿತ್ತು. ತೆಗೆದುಕೊಳ್ಳಬಹುದಿತ್ತು. ತೆಗೆದುಕೊಂಡಿರಲಿಲ್ಲ.

ನಾನು ಎದ್ದು ಒಳಗೆ ಹೋಗಿ ಹಾಳೆಗಳನ್ನು ತಂದು ಅಪ್ಪನ ಕೈಗೆ ಕೊಟ್ಟೆ. ಅವನು ಬೆಳಕಿಗೆ ತಿರುಗಿ ಕನ್ನಡದ ಸಾಲುಗಳ ಕೆಳಗೆ ಬೆರಳು ಇಟ್ಟು, ತುಟಿ ಅಲುಗಿಸುತ್ತ ತನ್ನ ಮಾತನ್ನು ತಾನೇ ಓದಿಕೊಂಡ. ಆಮೇಲೆ ನನ್ನನ್ನು ನೋಡಿದ. ಅವತ್ತು ಅವನು ಮ್ಯಾನೇಜರ್ ಎನ್ನಲಿಲ್ಲ, ಹೆಸರು ಹಿಡಿದು ಕರೆದ.

“ಇಷ್ಟು ಜ್ವಾಕಿಲೆ ಇಟ್ಟೀಯಲ್ಲೋ. ಈ ಅಂಗಡಿ ಮಾತು ನಿನಗ ಹುರುಳಿಲ್ಲದ ಹಳವಂಡ ಅನಸ್ತೈತಿ ಅಂತ ನಾ ಹೇಳತಿದ್ದಿಲ್ಲ.”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ನಾನು ಹೇಳಲಿಲ್ಲ. ತಲೆ ತಗ್ಗಿಸಿದೆ. ಅದನ್ನು ಅವರೆಲ್ಲ ನಾಚಿಕೆ ಎಂದುಕೊಂಡರು.

ಸಂಜೆ ಹಾನಗಲ್ ಮೇಲೆ ಹಾಯ್ದು ಹೋಗುವ ಬಸ್ಸಿಗೆ ಗೆಳೆಯನನ್ನು ಬಿಡಲು ಹೋದೆ. ಬಸ್ಸು ಬಂದು ನಿಂತ ಮೇಲೆ ಕೇಳಿದೆ, “ಯಾಕ ಹೇಳಲಿಲ್ಲ?”

“ಹೇಳಬೇಕಂತನ ಬಂದಿದ್ದೆ,” ಎಂದ. “ಎಲ್ಲಾರ ಮುಂದ ಹೇಳಿ ನಿನ್ನ ಮಾರಿ ನೋಡಬೇಕು ಅಂತ, ಹಾನಗಲ್ ದಾಟಿದಾಗಿಂದ ಮನಸ್ಸಿನ್ಯಾಗ ಜೋಡಿಸ್ಕೋತ ಬಂದೆ. ನಿಮ್ಮಪ್ಪ ಅಂಗಡಿ ಬಾಗಲಾ ಹಾಕಿ ಕುಂತಿದ್ರಲ್ಲ. ಬಾಯಿ ಬರಲಿಲ್ಲ.” ಬಸ್ಸಿನ ಮೆಟ್ಟಿಲ ಮೇಲೆ ನಿಂತು ತಿರುಗಿದ. “ನೀನ ಹೇಳು.”

“ಹೇಳ್ತೇನಿ,” ಎಂದೆ.

ಅವನು ಆಮೇಲೆ ಹಿರೇಕೆರೂರಿನಲ್ಲಿ ಕೆಲಸಕ್ಕೆ ಸೇರಿದ. ಪತ್ರ ಬರೆದ, ಮದುವೆಗೆ ಕರೆದ, ತಾಯಿಯನ್ನು ಕರೆದುಕೊಂಡು ಒಂದು ಸಲ ಬಂದೂ ಹೋದ. ಹೇಳಿದೆಯಾ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ನಾನು ಅಂಗಡಿಗೇ ಬಂದೆ. ಅಪ್ಪ ನನ್ನ ಜೊತೆ ಮಾತಾಡತೊಡಗಿದ. ಮೊದಲು ಸ್ವಲ್ಪ, ಆಮೇಲೆ ಬಹಳ. ನಾನು ಇಪ್ಪತ್ತು ವರ್ಷ ಕಾದದ್ದು ಅದಕ್ಕೇ. ಕೇಳುತ್ತ ಕೂತಾಗ ಇದನ್ನೆಲ್ಲ ಮೊದಲು ಕೇಳಿದವನು ಗೆಳೆಯ ಎಂಬುದು ಮನಸ್ಸಿಗೆ ಬಂದು, ಬಾಯಲ್ಲಿದ್ದ ರುಚಿ ಅರ್ಧಕ್ಕೇ ಹೋಗುತ್ತಿತ್ತು.

ಆ ಹಾಳೆಗಳಿಗೆ ಅಪ್ಪ ಕಟ್ಟು ಹಾಕಿಸಿ ಗಾಜಿನೊಳಗೆ ಇಡಿಸಿದ. ಹೊಸ ಬೀಗರು ಬಂದರೆ, ಪರಊರಿನ ಗಿರಾಕಿ ಬಂದರೆ, ಗೋಡೆಯ ಕಡೆ ಬೆರಳು ಮಾಡಿ ತೋರಿಸುತ್ತಿದ್ದ. “ಮಾಸೂರಾಂವ ಬರದ, ನನ್ನ ಮಗ ಕಾದಿಟ್ಟ.” ನಾನು ಆಗ ಏನಾದರೊಂದು ತೂಗಲು ಹುಡುಕುತ್ತಿದ್ದೆ. ಅಪ್ಪನ ಮಾತನ್ನು ಟ್ರಂಕಿನ ತಳದಲ್ಲಿ ಜೋಪಾನ ಮಾಡಿದ ಆ ಮಗ ಯಾರೋ, ಅವನನ್ನು ಕಂಡರೂ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಪ್ಪ ಇರುವವರೆಗೂ ಆ ಇಲ್ಲದ ಮಗ ನಮ್ಮ ಮನೆಯಲ್ಲಿದ್ದ. ಹೇಳುತ್ತೇನೆ ಎಂದು ಬಸ್ಸಿನ ಮೆಟ್ಟಿಲ ಹತ್ತಿರ ಕೊಟ್ಟ ಮಾತನ್ನು ಇಲ್ಲಿ, ಅಪ್ಪ ಓದಲಾರದ ಹೊತ್ತಿನಲ್ಲಿ, ಬರೆದಿದ್ದೇನೆ.